ಬೋರ್‌ವೆಲ್ ನೀರು ಬೆಚ್ಚಗೆ ಬಂದರೆ ಕೆಳಗೆ ಜ್ವಾಲಾಮುಖಿ ಇದೆಯೇ?

ನೆಲದಿಂದ ಕುದಿನೀರು ಮುಗಿಲೆತ್ತರಕ್ಕೆ ಚಿಮ್ಮುವ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದನ್ನು ನೋಡಿ ಕಂಪ್ಲಿ ತಾಲ್ಲೂಕಿನ ಮೆಟ್ರಿಯಿಂದ ಓದುಗರೊಬ್ಬರು ಕೇಳಿದ್ದಾರೆ: "ಚಳಿಗಾಲದಾಗ ನಮ್ಮ ಬೋರಿನ ನೀರೂ ಬೆಚ್ಚಗ ಬರ್ತೈತ್ರಿ. ಇಲ್ಲೂ ಕೆಳಗ ಜ್ವಾಲಾಮುಖಿ ಐತೇನ್ರಿ?"

ಇಲ್ಲ. ಯಾಕೆಂದು ನೋಡೋಣ.

ನೀರು ಚಿಮ್ಮುವುದು ಹೇಗೆ?

ಇಂಥ ದೃಶ್ಯಗಳಿಗೆ ಹೆಸರಾದದ್ದು ಅಮೆರಿಕದ ಯೆಲ್ಲೋಸ್ಟೋನ್. 1872ರಲ್ಲಿ ರಾಷ್ಟ್ರೀಯ ಉದ್ಯಾನವಾದ ಇಲ್ಲಿ 500ಕ್ಕೂ ಹೆಚ್ಚು ಗೀಸರ್‌ಗಳಿವೆ. ನಮ್ಮ ಬಚ್ಚಲಿನ ಗೀಸರ್‌ಗೂ ಹೆಸರು ಬಂದದ್ದು ಇಂಥ ಬುಗ್ಗೆಗಳಿಂದಲೇ. ಅಲ್ಲಿ ನೆಲದಾಳದಲ್ಲಿ ಕರಗಿದ ಬಂಡೆ, ಅಂದರೆ ಶಿಲಾಪಾಕ, ಇದೆ. ಅದರ ಶಾಖದಿಂದ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಮೇಲಿನ ನೀರಿನ ಒತ್ತಡದಿಂದ ಕುದಿಯುವುದಿಲ್ಲ. ಸ್ವಲ್ಪ ನೀರು ಹೊರಚೆಲ್ಲಿ ಒತ್ತಡ ತಗ್ಗಿದ ಕೂಡಲೇ ಉಳಿದದ್ದು ಆವಿಯಾಗಿ ಕಿರಿದಾದ ಬಿರುಕಿನಿಂದ ನುಗ್ಗುತ್ತದೆ.

ಮೆಟ್ರಿಯ ನೀರು ಯಾಕೆ ಬೆಚ್ಚಗೆ?

ಹಂಪಿ, ಕಂಪ್ಲಿ ಸೀಮೆಯ ಕಣಶಿಲೆಗೆ 250 ಕೋಟಿಗೂ ಹೆಚ್ಚು ವರ್ಷ ವಯಸ್ಸು. ಅದು ಎಂದೋ ತಣ್ಣಗಾಗಿದೆ. ಆಳಕ್ಕೆ ಹೋದಂತೆ ಎಲ್ಲ ಕಡೆಯೂ ಬಿಸಿ ಏರುತ್ತದೆ ನಿಜ. ಆದರೆ ಕೋಲಾರದಲ್ಲಿ ಸುಮಾರು 3 ಕಿಲೋಮೀಟರ್ ಆಳದ ಗಣಿಯಲ್ಲೂ ಬಂಡೆಯ ಬಿಸಿ 65 ಡಿಗ್ರಿ ಆಸುಪಾಸಿನಲ್ಲಿತ್ತು. ಕೆಲವು ನೂರು ಅಡಿಯ ಬೋರ್‌ವೆಲ್‌ನಲ್ಲಿ ಏರುವುದು ಕೆಲವೇ ಡಿಗ್ರಿ.

ಅಂತರ್ಜಲದ ಬಿಸಿ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಚಳಿಗಾಲದ ನಸುಕಿನಲ್ಲಿ ಗಾಳಿ ಅದಕ್ಕಿಂತ ತಂಪು, ಹಾಗಾಗಿ ನೀರು ಬೆಚ್ಚಗೆನಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಅದೇ ನೀರು ತಣ್ಣಗೆ. ಬದಲಾದದ್ದು ಗಾಳಿ, ನೀರಲ್ಲ. ಹತ್ತು ನಿಮಿಷ ಮೋಟರ್ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಥರ್ಮಾಮೀಟರ್ ಹಿಡಿದರೆ ನೀವೇ ನೋಡಬಹುದು.

ಕರ್ನಾಟಕದಲ್ಲಿ ಬಿಸಿನೀರಿನ ಬುಗ್ಗೆಯೇ ಇಲ್ಲವೇ?

ಇದೆ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥವಿದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಅಲ್ಲಿಯೂ ಜ್ವಾಲಾಮುಖಿ ಇಲ್ಲ. ಬಿರುಕುಗಳಲ್ಲಿ ಆಳಕ್ಕಿಳಿದ ನೀರು ಬಿಸಿಯಾಗಿ ಮೇಲೆ ಬರುವುದರಿಂದಲೂ ಇಂಥ ಬುಗ್ಗೆಗಳು ಉಂಟಾಗುತ್ತವೆ.

ಇಂಥ ನೀರಿನಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಯೇ?

ನಂಬಿಕೆಯಿಂದ ಮೀಯುವುದು ಬೇರೆ, ಔಷಧ ಬಿಡುವುದು ಬೇರೆ. ಸ್ಪರ್ಶ ತಿಳಿಯದ ಮಚ್ಚೆ ಕುಷ್ಠರೋಗದ ಲಕ್ಷಣವಾಗಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧವಿದೆ. ತಡಮಾಡಿದರೆ ನರಗಳಿಗೆ ಶಾಶ್ವತ ಹಾನಿಯಾಗಬಹುದು. ಮಧುಮೇಹದಿಂದ ಪಾದ ಮರಗಟ್ಟಿದವರಿಗೆ ನೀರಿನ ಬಿಸಿ ತಿಳಿಯದೆ ಸುಟ್ಟಗಾಯವಾಗಬಹುದು. ಯೆಲ್ಲೋಸ್ಟೋನ್‌ನ ಬುಗ್ಗೆಗಳಿಗೆ ಇಳಿದು ಅಥವಾ ಬಿದ್ದು 20ಕ್ಕೂ ಹೆಚ್ಚು ಜನ ಸತ್ತಿದ್ದಾರೆ.

ಹಾಗಾಗಿ "ಜ್ವಾಲಾಮುಖಿ ಎದ್ದಿತು", "ಸಕಲ ರೋಗಕ್ಕೂ ಮದ್ದು" ಎಂಬ ಫಾರ್ವರ್ಡ್ ಬಂದರೆ, ಅದು ಯಾವ ಊರಿನ, ಯಾವ ವರ್ಷದ ವಿಡಿಯೊ ಎಂದು ಕಳಿಸಿದವರನ್ನೇ ಕೇಳಿ. ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.