ಹೆಸರು ಕಳೆದುಕೊಂಡ ಭೀಮ

ಕಾಂಬೋಡಿಯಾ ಎಂದೊಡನೆ ಪ್ರವಾಸಿಗರ ಕಣ್ಣ ಮುಂದೆ ನಿಲ್ಲುವುದು ಅಂಕೋರ್ ವಾಟ್. 12ನೇ ಶತಮಾನದ ಮೊದಲರ್ಧದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಲು ತೊಡಗಿದ ಈ ವಿಷ್ಣು ದೇವಾಲಯದ ಮೊಗಸಾಲೆಗಳ ಗೋಡೆಯ ಮೇಲೆ ಕುರುಕ್ಷೇತ್ರ ಯುದ್ಧವಿದೆ, ಸಮುದ್ರಮಥನವಿದೆ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನನ್ನು ಗುರುತಿಸಲು ಭಾರತದಿಂದ ಹೋದವರಿಗೆ ಮಾರ್ಗದರ್ಶಿಯ ನೆರವು ಬೇಕಿಲ್ಲ. ಆದರೆ ಅದೇ ದೇಶದ ಮಹಾಭಾರತದ ಇನ್ನೊಂದು ದೃಶ್ಯವನ್ನು ಒಂದೇ ಕಡೆ ನೋಡಲು ಸಾಧ್ಯವಿಲ್ಲ. ಅದರ ಗುಡಿ ಕಾಡಿನ ನಡುವೆ ಇದೆ. ಮೂರ್ತಿಗಳು ರಾಜಧಾನಿ ನಾಮ್‌ಪೆನ್‌ನಲ್ಲಿವೆ. ಅವೆರಡರ ನಡುವೆ ನಾಲ್ಕು ದಶಕಗಳ ಅಲೆದಾಟದ ಕಥೆಯಿದೆ.

ಗುಡಿ ಇರುವ ಊರು ಕೋಹ್ ಕೆರ್. ಅಂಕೋರ್‌ನಿಂದ ಈಶಾನ್ಯಕ್ಕೆ ಸುಮಾರು 80 ಕಿ.ಮೀ. ದೂರ. 10ನೇ ಶತಮಾನದಲ್ಲಿ ನಾಲ್ಕನೇ ಜಯವರ್ಮ ತನ್ನ ರಾಜಧಾನಿಯನ್ನು ಇಲ್ಲಿ ಕಟ್ಟಿದ. ಶಾಸನಗಳು ಇದನ್ನು ಲಿಂಗಪುರ ಎಂದೂ ಕರೆಯುತ್ತವೆ. 944ರಲ್ಲಿ ರಾಜಧಾನಿ ಮತ್ತೆ ಅಂಕೋರ್‌ಗೆ ಮರಳಿತು. ಅಷ್ಟು ಅಲ್ಪಾವಧಿಯಲ್ಲೇ ಏಳು ಅಂತಸ್ತಿನ ಕಲ್ಲಿನ ಪಿರಮಿಡ್ಡೊಂದೂ ಹತ್ತಾರು ಗುಡಿಗಳೂ ಎದ್ದುನಿಂತಿದ್ದವು. 2023ರಲ್ಲಿ ಈ ಸ್ಥಳ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕೋಹ್ ಕೆರ್‌ನ ಶಿಲ್ಪಿಗಳು ಅಲ್ಲಿಯವರೆಗೆ ಖ್ಮೇರ್ ಕಲೆ ಕಂಡಿರದ ಕೆಲಸವೊಂದನ್ನು ಮಾಡಿದರು. ಅದುವರೆಗೆ ನೆಟ್ಟಗೆ ನಿಂತಿರುತ್ತಿದ್ದ ಮೂರ್ತಿಗಳು ಇಲ್ಲಿ ನೆಗೆದವು, ಸೆಣಸಿದವು. ಪ್ರಸಾತ್ ಚೆನ್ ಎಂಬ ಗುಡಿಯ ಪಶ್ಚಿಮ ಗೋಪುರದೊಳಗೆ ಭೀಮ ದುರ್ಯೋಧನರ ಗದಾಯುದ್ಧವನ್ನೇ ಅವರು ನಿಲ್ಲಿಸಿದರು. ಅದು ಗೋಡೆಯ ಮೇಲಿನ ಉಬ್ಬುಶಿಲ್ಪವಲ್ಲ. ಹೆಚ್ಚುಕಡಿಮೆ ಆಳೆತ್ತರದ ಬಿಡಿಮೂರ್ತಿಗಳ ಸಮೂಹ. ನಡುವೆ ಕಾದಾಡುವ ಇಬ್ಬರು, ಸುತ್ತ ನೋಡುತ್ತಿರುವ ಪಾಂಡವರು, ಬಲರಾಮ. ಒಳಗೆ ಕಾಲಿಟ್ಟವರು ತಾವೂ ಆ ಕಾಳಗದ ಸಾಕ್ಷಿಗಳಾಗುವಂತಹ ಏರ್ಪಾಡು.

ಕನ್ನಡಿಗರಿಗೆ ಇಲ್ಲಿ ರನ್ನನ ನೆನಪಾಗದೆ ಇರದು. ಕೋಹ್ ಕೆರ್‌ನಲ್ಲಿ ಉಳಿಯ ಸದ್ದು ನಿಂತ ಕೆಲವು ದಶಕಗಳಲ್ಲೇ, ಅದೇ ಶತಮಾನದ ಕೊನೆಯ ಭಾಗದಲ್ಲಿ, ಚಾಳುಕ್ಯರ ಆಸ್ಥಾನದಲ್ಲಿ ರನ್ನ ‘ಗದಾಯುದ್ಧ’ವನ್ನು ಬರೆದ. ಒಬ್ಬರಿಗೆ ಇನ್ನೊಬ್ಬರು ಗೊತ್ತಿರಬೇಕಿಲ್ಲ. ಭಾರತ ಕಥೆಯ ಇಷ್ಟೊಂದು ಪ್ರಸಂಗಗಳ ನಡುವೆ ಅದೇ ಕೊನೆಯ ಕಾಳಗ ಕಡಲಿನ ಎರಡೂ ದಡಗಳಲ್ಲಿ ಕಲಾವಿದರನ್ನು ಸೆಳೆದದ್ದು ಮಾತ್ರ ನಿಜ. 967ರಲ್ಲಿ ಪ್ರತಿಷ್ಠೆಯಾದ ಬಾಂತೆಯ್ ಸ್ರೇ ದೇವಾಲಯದ ಶಿಲ್ಪಗಳಲ್ಲೂ ಈ ಗದಾಯುದ್ಧವಿದೆ.

ಗುಲಾಬಿ ಕಲ್ಲಿನ ಆ ಪುಟ್ಟ ದೇವಾಲಯಕ್ಕೂ ಕಳ್ಳತನದ ಚರಿತ್ರೆಯುಂಟು. 1923ರಲ್ಲಿ ಆಂದ್ರೆ ಮಾಲ್ರೋ ಎಂಬ ಫ್ರೆಂಚ್ ತರುಣ ಅಲ್ಲಿಯ ದೇವತಾ ಶಿಲ್ಪಗಳನ್ನು ಕೀಳಿಸಿ ಸಾಗಿಸುವಾಗ ಸಿಕ್ಕಿಬಿದ್ದ. ನ್ಯಾಯಾಲಯ ತಪ್ಪಿತಸ್ಥನೆಂದಿತು, ಮೇಲ್ಮನವಿಯಲ್ಲಿ ಶಿಕ್ಷೆ ಹಗುರವಾಯಿತು. ಮುಂದೆ ಆತ ಹೆಸರಾಂತ ಕಾದಂಬರಿಕಾರನಾದ, ಫ್ರಾನ್ಸಿನ ಸಂಸ್ಕೃತಿ ಸಚಿವನೂ ಆದ. ಕಲ್ಲುಗಳು ಮಾತ್ರ ಗುಡಿಗೆ ಮರಳಿದವು.

ಪ್ರಸಾತ್ ಚೆನ್‌ಗೆ ಆ ಅದೃಷ್ಟ ಇರಲಿಲ್ಲ. 1970ರ ನಂತರ ಅಂತರ್ಯುದ್ಧದ ಬೆಂಕಿ ದೇಶವನ್ನು ಆವರಿಸಿದಾಗ ಕಾಡಿನ ಗುಡಿಗಳನ್ನು ಕಾಯುವವರಿಲ್ಲದಾಯಿತು. ಲೂಟಿಕೋರರು ಮೂರ್ತಿಗಳನ್ನು ಪಾದದ ಬಳಿ ಕಡಿದು ಒಯ್ದರು. ಪಾದಗಳು ಪೀಠದ ಮೇಲೆಯೇ ಉಳಿದವು. ದುರ್ಯೋಧನ 1975ರಲ್ಲಿ ಲಂಡನ್ನಿನಲ್ಲಿ ಮಾರಾಟವಾದ. ಭೀಮ ಕ್ಯಾಲಿಫೋರ್ನಿಯಾದ ನಾರ್ಟನ್ ಸೈಮನ್ ವಸ್ತುಸಂಗ್ರಹಾಲಯ ಸೇರಿದ. ಅಲ್ಲಿ ಅವನಿಗಿದ್ದ ಹೆಸರು ‘ಗುಡಿಯ ಜಟ್ಟಿ’. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದ್ದ ಇಬ್ಬರು ಪಾಂಡವರು ‘ಮಂಡಿಯೂರಿದ ಪರಿಚಾರಕರು’ ಎನಿಸಿಕೊಂಡಿದ್ದರು.

ಶಿಲ್ಪ ತನ್ನ ಸ್ಥಳವನ್ನು ಬಿಟ್ಟರೆ ಆಗುವ ನಷ್ಟ ಇದೇ. ಕಲ್ಲು ಉಳಿಯುತ್ತದೆ, ಅದರ ಸೊಬಗೂ ಉಳಿಯುತ್ತದೆ, ಕಥೆ ಅಳಿಯುತ್ತದೆ. ಎದುರಾಳಿಯಿಲ್ಲದ ಭೀಮ ಬರಿಯ ಜಟ್ಟಿಯಾಗುತ್ತಾನೆ, ಅಣ್ಣನಿಲ್ಲದ ತಮ್ಮ ಪರಿಚಾರಕನಾಗುತ್ತಾನೆ. ಕೊನೆಗೆ ಆ ಕಥೆಯನ್ನು ಮರಳಿ ಕೊಟ್ಟದ್ದು ಕಳ್ಳರು ಬೇಡವೆಂದು ಬಿಟ್ಟುಹೋದ ಪೀಠಗಳು. ಗೋಪುರದೊಳಗೆ ಅವು ಎಲ್ಲೆಲ್ಲಿದ್ದವು, ಯಾವ ಪಾದ ಯಾವ ಕಡೆ ತಿರುಗಿತ್ತು ಎಂಬುದನ್ನು ಪುರಾತತ್ವಜ್ಞರು ಪರಿಶೀಲಿಸಿದಾಗ ಜಟ್ಟಿ ಯಾರು, ಪರಿಚಾರಕರು ಯಾರು ಎಂಬುದು ಹೊರಬಿತ್ತು.

2011ರ ಮಾರ್ಚ್‌ನಲ್ಲಿ ದುರ್ಯೋಧನನನ್ನು ನ್ಯೂಯಾರ್ಕಿನ ಸೋದಬಿ ಸಂಸ್ಥೆ ಹರಾಜಿಗಿಟ್ಟಿತು. ಕಾಂಬೋಡಿಯಾ ಆಕ್ಷೇಪಿಸಿತು, ಹರಾಜು ನಿಂತಿತು. 2012ರಲ್ಲಿ ಅಮೆರಿಕ ಸರ್ಕಾರವೇ ಮೂರ್ತಿಯನ್ನು ವಶಪಡಿಸಿಕೊಳ್ಳಲು ಮೊಕದ್ದಮೆ ಹೂಡಿತು. 2013ರ ಡಿಸೆಂಬರಿನಲ್ಲಿ ರಾಜಿಯಾಯಿತು. ಪಾಂಡವರಿಬ್ಬರು 2013ರಲ್ಲೂ, ದುರ್ಯೋಧನ, ಭೀಮ, ಬಲರಾಮರು 2014ರಲ್ಲೂ ತಾಯ್ನಾಡಿಗೆ ಮರಳಿದರು. ಮರುವರ್ಷ ಕ್ಲೀವ್‌ಲ್ಯಾಂಡಿನ ವಸ್ತುಸಂಗ್ರಹಾಲಯದಿಂದ ಹನುಮಂತನ ಮೂರ್ತಿಯೂ ಬಂತು.

ಮರಳಿದ ಮೂರ್ತಿಗಳು ಹಳೆಯ ಗೋಪುರಕ್ಕೆ ಹೋಗಲಿಲ್ಲ. ನಾಮ್‌ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿದವು. ಒಮ್ಮೆ ಲೂಟಿಯಾದ ಗುಡಿಗೆ ಅವನ್ನು ಒಪ್ಪಿಸಲು ಧೈರ್ಯ ಬೇಕು. ಆದ್ದರಿಂದ ಕಾಂಬೋಡಿಯಾಕ್ಕೆ ಹೋದವರು ಅಂಕೋರ್ ವಾಟ್ ನೋಡಿದ ಮೇಲೆ ಇನ್ನೊಂದು ದಿನವನ್ನು ಕೋಹ್ ಕೆರ್‌ಗೆ ಮೀಸಲಿಡುವುದು ಒಳ್ಳೆಯದು. ಅಲ್ಲಿ ಪ್ರಸಾತ್ ಚೆನ್‌ನ ಬರಿದಾದ ಗೋಪುರವನ್ನು ಕಂಡು ಬಂದವರಿಗೆ, ನಾಮ್‌ಪೆನ್‌ನಲ್ಲಿರುವ ಭೀಮ ‘ಗುಡಿಯ ಜಟ್ಟಿ’ಯಾಗಿ ಕಾಣಲಾರ.