ಗ್ರಾಫ್ ದತ್ತಾಂಶಕ್ಕೆ ಪ್ರಶ್ನೆ ಕೇಳುವ ಬಗೆ: ಸ್ಪಾರ್ಕಲ್ ಭಾಷೆಯ ಹುಟ್ಟು ಮತ್ತು ಬೆಳವಣಿಗೆ

ಮಾಹಿತಿಯನ್ನು ಕೋಷ್ಟಕಗಳಲ್ಲಿ ತುಂಬಿಡದೆ, ಬಿಂದುಗಳಾಗಿಯೂ ಅವುಗಳನ್ನು ಜೋಡಿಸುವ ಹೆಸರುಳ್ಳ ಗೆರೆಗಳಾಗಿಯೂ ಬಿಡಿಸಿಡುವ ಪದ್ಧತಿಗೆ ಗ್ರಾಫ್ ದತ್ತಾಂಶ ಎಂದು ಹೆಸರು. ಅಂತರಜಾಲದ ಬೇರೆ ಬೇರೆ ಕಡೆಗಳಲ್ಲಿರುವ ಇಂತಹ ದತ್ತಾಂಶವು ಸಮಾನ ವಿಳಾಸಗಳ ಮೂಲಕ ಒಂದಕ್ಕೊಂದು ಹೆಣೆದುಕೊಂಡಾಗ ಅದನ್ನು ಲಿಂಕ್ಡ್ ಡೇಟಾ ಎನ್ನುತ್ತಾರೆ. ಈ ಹೆಣಿಗೆಯಿಂದ ಉತ್ತರ ಹೆಕ್ಕಲು ಇಂದು ಬಳಕೆಯಲ್ಲಿರುವ ಮಾನ್ಯ ಭಾಷೆ ಸ್ಪಾರ್ಕಲ್. ಇದರ ಇತಿಹಾಸವನ್ನು ಸಾಮಾನ್ಯವಾಗಿ ಶಿಫಾರಸುಗಳ ದಿನಾಂಕಗಳ ಸರಣಿಯಾಗಿ ಹೇಳುವುದು ರೂಢಿ. ಆದರೆ ದಾಖಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಬೇರೊಂದು ಎಳೆ ಗೋಚರಿಸುತ್ತದೆ: ದತ್ತಾಂಶದಲ್ಲಿ ಇರುವುದನ್ನು ಕೇಳುವ ಬಗೆ ಬಲುಬೇಗ ನಿಶ್ಚಿತವಾಯಿತು, ಇಲ್ಲದಿರುವುದನ್ನು ಏನು ಮಾಡಬೇಕೆಂಬ ಚರ್ಚೆಯೇ ಈ ಭಾಷೆಯ ಹೆಚ್ಚಿನ ವರ್ಷಗಳನ್ನು ತೆಗೆದುಕೊಂಡಿತು.

ಗೆರೆಗಳನ್ನು ಹಿಡಿದು ದತ್ತಾಂಶದೊಳಗೆ ಸಾಗುವ ಆಲೋಚನೆ ವೆಬ್‌ಗಿಂತ ಹಳೆಯದು. ಚಾರ್ಲ್ಸ್ ಬ್ಯಾಕ್‌ಮನ್ 1960ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದಾಗ ರೂಪಿಸಿದ ವ್ಯವಸ್ಥೆಯಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿ ಇರುತ್ತಿತ್ತು, ಆ ಕೊಂಡಿಗಳ ಜಾಡನ್ನು ಕ್ರಮವಿಧಿಕಾರನೇ ಹೆಜ್ಜೆಹೆಜ್ಜೆಯಾಗಿ ಅನುಸರಿಸಬೇಕಿತ್ತು. 1973ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಬ್ಯಾಕ್‌ಮನ್ ಕ್ರಮವಿಧಿಕಾರನನ್ನು ನಾವಿಕನೆಂದು ವರ್ಣಿಸಿದ್ದು ಈ ಕಾರಣಕ್ಕೆ. ಅದಕ್ಕೂ ಮೊದಲೇ, 1970ರಲ್ಲಿ, ಐಬಿಎಂನ ಎಡ್ಗರ್ ಕಾಡ್ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟು, ಬೇಕಾದುದೇನು ಎಂಬುದನ್ನಷ್ಟೇ ಹೇಳಿ, ಹುಡುಕುವ ದಾರಿಯನ್ನು ಯಂತ್ರಕ್ಕೆ ಬಿಡಬೇಕೆಂದು ವಾದಿಸಿದ್ದರು. ಮುಂದೆ ಎಸ್‌ಕ್ಯೂಎಲ್ ಎನಿಸಿದ ಭಾಷೆಯ ಮೊದಲ ರೂಪವನ್ನು 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಪ್ರಕಟಿಸಿದರು. ಸ್ಪಾರ್ಕಲ್ ತನ್ನ ದತ್ತಾಂಶದ ಆಕಾರವನ್ನು ಮೊದಲ ಪಂಥದಿಂದ ಪಡೆದಂತೆ ಕಂಡರೂ ಪ್ರಶ್ನೆ ಕೇಳುವ ಮನೋಧರ್ಮವನ್ನು ಪಡೆದದ್ದು ಎರಡನೆಯದರಿಂದ.

ವೆಬ್ ಕಾಲದ ಕಥೆಯಲ್ಲಿ ಮೊದಲು ಬರುವ ಹೆಸರು ಮದ್ರಾಸಿನ ಐಐಟಿಯಲ್ಲಿ ಓದಿದ ಆರ್. ವಿ. ಗುಹಾ ಅವರದು. ಆಪಲ್ ಸಂಸ್ಥೆಯಲ್ಲಿದ್ದಾಗ ಗುಹಾ ರೂಪಿಸಿದ ಮೆಟಾ ಕಂಟೆಂಟ್ ಫ್ರೇಮ್‌ವರ್ಕ್, 1997ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಟಿಮ್ ಬ್ರೇ ಅವರೊಡನೆ ಎಕ್ಸ್‌ಎಂಎಲ್ ರೂಪ ಪಡೆಯಿತು. ಈ ಪ್ರಯತ್ನದ ಬಲದ ಮೇಲೆಯೇ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರ ಫೆಬ್ರುವರಿ 22ರಂದು ಆರ್‌ಡಿಎಫ್ ಎಂಬ ಮಾದರಿಯನ್ನು ಶಿಫಾರಸು ಮಾಡಿತು. ಆರ್‌ಡಿಎಫ್‌ನಲ್ಲಿ ಪ್ರತಿಯೊಂದು ಹೇಳಿಕೆಗೂ ಮೂರೇ ಅಂಗಗಳು: ಯಾವುದರ ಬಗ್ಗೆ ಹೇಳಲಾಗಿದೆಯೋ ಆ ವಸ್ತು, ಹೇಳಲಾದ ಸಂಬಂಧ, ಆ ಸಂಬಂಧದ ಬೆಲೆ. ಮೂರೂ ಸೇರಿದ ಘಟಕಕ್ಕೆ ಟ್ರಿಪಲ್ ಎಂದು ಹೆಸರು, ಕನ್ನಡದಲ್ಲಿ ತ್ರಿಕ ಎನ್ನಬಹುದು. “ಬೇಂದ್ರೆ – ಹುಟ್ಟೂರು – ಧಾರವಾಡ” ಒಂದು ತ್ರಿಕ, “ಬೇಂದ್ರೆ – ಪ್ರಶಸ್ತಿ – ಜ್ಞಾನಪೀಠ” ಇನ್ನೊಂದು. ಬೇಂದ್ರೆ ಎಂಬ ಬಿಂದು ಎರಡರಲ್ಲೂ ಒಂದೇ ಆಗಿರುವುದರಿಂದ ತ್ರಿಕಗಳು ತಾವಾಗಿಯೇ ಗ್ರಾಫ್ ಆಗುತ್ತವೆ.

ಅಚ್ಚರಿಯ ಸಂಗತಿಯೆಂದರೆ 1999ರ ಆ ಶಿಫಾರಸಿನಲ್ಲಿ ಪ್ರಶ್ನಾಭಾಷೆಯೇ ಇರಲಿಲ್ಲ. ಆ ಕೊರತೆಯನ್ನು ತುಂಬಲು ಹಲವರು ಏಕಕಾಲದಲ್ಲಿ ಮುಂದಾದರು. ಗುಹಾ ಅವರ ಆರ್‌ಡಿಎಫ್‌ಡಿಬಿ, ಅದರ ಜಾಡಿನಲ್ಲಿ ಬಂದು 2002ರಲ್ಲಿ ಲಿಬ್ಬಿ ಮಿಲ್ಲರ್, ಆ್ಯಂಡಿ ಸೀಬೋರ್ನ್ ಮತ್ತು ಆಲ್ಬರ್ಟೊ ರೆಜಿಯೋರಿ ವಿವರಿಸಿದ ಸ್ಕ್ವಿಶ್‌ಕ್ಯೂಎಲ್, ಬ್ರಿಸ್ಟಲ್‌ನ ಎಚ್‌ಪಿ ಪ್ರಯೋಗಾಲಯದಲ್ಲಿ ಬೆಳೆದು 2004ರ ಜನವರಿಯಲ್ಲಿ ಕನ್ಸಾರ್ಷಿಯಂಗೆ ಸಲ್ಲಿಕೆಯಾದ ಆರ್‌ಡಿಕ್ಯೂಎಲ್, ಕ್ರೀಟ್ ದ್ವೀಪದ ಸಂಶೋಧಕರ ಆರ್‌ಕ್ಯೂಎಲ್, ಇನ್ನೂ ಕೆಲವು. ಇವುಗಳ ಬರವಣಿಗೆಯ ಶೈಲಿ ಬೇರೆ ಬೇರೆಯಾಗಿತ್ತು. ಆದರೂ ಆರ್‌ಡಿಎಫ್‌ಡಿಬಿಯಿಂದ ಆರ್‌ಡಿಕ್ಯೂಎಲ್‌ವರೆಗಿನ ಸಾಲಿನಲ್ಲಿ ಮೂಲಭೂತ ಪ್ರಶ್ನೆಯ ಕಲ್ಪನೆ ಹೆಚ್ಚು ಕಡಿಮೆ ಒಂದೇ: ತ್ರಿಕದ ಯಾವುದಾದರೂ ಅಂಗವನ್ನು ಖಾಲಿ ಬಿಡುವುದು, ಆ ಖಾಲಿ ಜಾಗಕ್ಕೆ ಒಂದು ಹೆಸರಿಡುವುದು, ಅದನ್ನು ತುಂಬಬಲ್ಲ ಬೆಲೆಗಳೆಲ್ಲವನ್ನೂ ಗ್ರಾಫ್‌ನಿಂದ ತರಿಸಿಕೊಳ್ಳುವುದು.

ಸ್ಪಾರ್ಕಲ್‌ನಲ್ಲಿ ಇಂತಹ ಖಾಲಿ ಜಾಗವನ್ನು, ಅಂದರೆ ಚರವನ್ನು, ಪ್ರಶ್ನಾಚಿಹ್ನೆಯಿಂದ ಗುರುತಿಸಲಾಗುತ್ತದೆ. ಅದರ ವ್ಯಾಕರಣವು ಯೂನಿಕೋಡ್ ಅಕ್ಷರಗಳನ್ನು ಒಪ್ಪುವುದರಿಂದ ಚರದ ಹೆಸರನ್ನು ಕನ್ನಡ ಲಿಪಿಯಲ್ಲಿಯೂ ಬರೆಯಬಹುದೆಂಬುದು ಕನ್ನಡದ ಬಳಕೆದಾರರಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಸೌಲಭ್ಯ. ವಿಳಾಸಗಳ ಉದ್ದನೆಯ ರೂಪವನ್ನು ಬದಿಗಿಟ್ಟು ಸರಳಗೊಳಿಸಿದರೆ ಒಂದು ಪ್ರಶ್ನೆಯ ತಿರುಳು ಹೀಗಿರುತ್ತದೆ:

?ಲೇಖಕ ಪ್ರಶಸ್ತಿ ಜ್ಞಾನಪೀಠ .
?ಲೇಖಕ ಭಾಷೆ ಕನ್ನಡ .
?ಲೇಖಕ ಹುಟ್ಟೂರು ?ಊರು .

ಮೂರು ಸಾಲುಗಳಲ್ಲಿಯೂ ?ಲೇಖಕ ಎಂಬ ಚರ ಒಂದೇ ಬೆಲೆಯನ್ನು ಪಡೆಯಬೇಕೆಂಬುದೇ ಇಲ್ಲಿರುವ ಏಕೈಕ ನಿಯಮ. ಎಸ್‌ಕ್ಯೂಎಲ್‌ನಲ್ಲಿ ಕೋಷ್ಟಕಗಳನ್ನು ಜೋಡಿಸಲು ಬೇಕಾಗುವ ಪ್ರತ್ಯೇಕ ಷರತ್ತಿನ ಕೆಲಸವನ್ನು ಇಲ್ಲಿ ಚರದ ಪುನರಾವೃತ್ತಿಯೇ ಮಾಡಿಬಿಡುತ್ತದೆ. ತ್ರಿಕ ನಮೂನೆಗಳ ಇಂತಹ ಗುಂಪನ್ನು ಮೂಲ ಗ್ರಾಫ್ ನಮೂನೆ ಎನ್ನುತ್ತಾರೆ. ತರ್ಕದ ದೃಷ್ಟಿಯಿಂದ ಇದು 1977ರಲ್ಲಿ ಅಶೋಕ್ ಚಂದ್ರ ಮತ್ತು ಫಿಲಿಪ್ ಮರ್ಲಿನ್ ಅಧ್ಯಯನ ಮಾಡಿದ ಸಂಯೋಜಕ ಪ್ರಶ್ನೆಗಳ, ಅಂದರೆ “ಮತ್ತು” ಎಂಬ ಒಂದೇ ಸಂಬಂಧದಿಂದ ಕಟ್ಟಿದ ಪ್ರಶ್ನೆಗಳ, ವರ್ಗಕ್ಕೆ ಸೇರುತ್ತದೆ. ಹೀಗಾಗಿ ಭಾಷೆಯ ಈ ಭಾಗಕ್ಕೆ ಗಟ್ಟಿಯಾದ ಸಿದ್ಧಾಂತ ಮೊದಲೇ ಇತ್ತು.

ತೊಡಕು ಆರಂಭವಾಗುವುದು ಮುಂದಿನ ಹೆಜ್ಜೆಯಲ್ಲಿ. 2010ರ ಸಾಲಿನ ಪ್ರಶಸ್ತಿಯವರೆಗೆ ಜ್ಞಾನಪೀಠ ಪಡೆದ ಕನ್ನಡ ಲೇಖಕರು ಎಂಟು ಮಂದಿ: ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ಮೇಲಿನ ಪ್ರಶ್ನೆಗೆ “?ಲೇಖಕ ಕಾವ್ಯನಾಮ ?ಹೆಸರು” ಎಂಬ ನಾಲ್ಕನೆಯ ಸಾಲನ್ನು ಸೇರಿಸಿದರೆ ಕುವೆಂಪು, ಅಂಬಿಕಾತನಯದತ್ತ, ಶ್ರೀನಿವಾಸ, ವಿನಾಯಕ ಎಂಬ ಕಾವ್ಯನಾಮಗಳುಳ್ಳ ನಾಲ್ವರು ಮಾತ್ರ ಉಳಿದು, ಕಾರಂತ, ಅನಂತಮೂರ್ತಿ, ಕಾರ್ನಾಡ, ಕಂಬಾರರು ಸದ್ದಿಲ್ಲದೆ ಪಟ್ಟಿಯಿಂದ ಜಾರಿಹೋಗುತ್ತಾರೆ. ಯಂತ್ರ ದೋಷವನ್ನೇನೂ ಸೂಚಿಸುವುದಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ದೋಷವೇ ಆಗಿಲ್ಲ. ಕೋಷ್ಟಕದಲ್ಲಾದರೆ ಕಾವ್ಯನಾಮದ ಅಂಕಣವೊಂದು ಖಾಲಿಯಾಗಿ ಕಾಣಿಸುತ್ತಿತ್ತು. ಗ್ರಾಫ್‌ನಲ್ಲಿ ಇಲ್ಲದ ಗೆರೆಗೆ ಖಾಲಿ ಜಾಗವೂ ಇರುವುದಿಲ್ಲ.

ಇದಕ್ಕೆ ಸ್ಪಾರ್ಕಲ್ ಕಂಡುಕೊಂಡ ಪರಿಹಾರವೇ ಐಚ್ಛಿಕ ಭಾಗ, ಭಾಷೆಯಲ್ಲಿ ಆಪ್ಷನಲ್ ಎಂಬ ಪದದಿಂದ ಸೂಚಿತವಾಗುವಂಥದು. ನಾಲ್ಕನೆಯ ಸಾಲನ್ನು ಅದರೊಳಗಿಟ್ಟರೆ ಎಂಟೂ ಮಂದಿ ಉಳಿಯುತ್ತಾರೆ, ಕಾವ್ಯನಾಮ ಇದ್ದವರಿಗೆ ಅದು ದೊರೆಯುತ್ತದೆ, ಇಲ್ಲದವರಲ್ಲಿ ಚರ ಬೆಲೆಯಿಲ್ಲದೆ ನಿಲ್ಲುತ್ತದೆ. ಕೇಳಲು ಸುಲಭವಾದ ಈ ಸೌಲಭ್ಯಕ್ಕೆ ನಿಖರ ಅರ್ಥ ನಿಗದಿಪಡಿಸುವುದು ಸುಲಭವಾಗಿರಲಿಲ್ಲ. 2004ರ ಫೆಬ್ರುವರಿಯಲ್ಲಿ ರಚನೆಯಾದ ಕನ್ಸಾರ್ಷಿಯಂನ ಕಾರ್ಯತಂಡ ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಪಾರ್ಕಲ್‌ನ ಮೊದಲ ಕರಡನ್ನು ಹೊರತಂದಿತು. ಎರಿಕ್ ಪ್ರುಡೊಮೊ ಮತ್ತು ಸೀಬೋರ್ನ್ ಅದರ ಸಂಪಾದಕರು. 2006ರ ಏಪ್ರಿಲ್‌ನಲ್ಲಿ ಅಂತಿಮ ಹಂತಕ್ಕೆ ಸಮೀಪಿಸಿದ್ದ ದಾಖಲೆ ಅಕ್ಟೋಬರಿನಲ್ಲಿ ಮತ್ತೆ ಕರಡಿನ ಸ್ಥಿತಿಗೆ ಹಿಂದಿರುಗಿತು. ಅದೇ ವರ್ಷ ಹೋರ್ಹೆ ಪೆರೆಸ್, ಮಾರ್ಸೆಲೊ ಅರೆನಾಸ್ ಮತ್ತು ಕ್ಲಾಡಿಯೊ ಗುಟಿಯರೆಸ್ ಎಂಬ ಚಿಲಿ ದೇಶದ ವಿದ್ವಾಂಸರು ಪ್ರಕಟಿಸಿದ ಪ್ರಬಂಧವು ಐಚ್ಛಿಕ ಭಾಗಗಳನ್ನು ಮನಬಂದಂತೆ ಹೆಣೆದಾಗ ಪ್ರಶ್ನೆಯ ಮೌಲ್ಯಮಾಪನ ಸೈದ್ಧಾಂತಿಕವಾಗಿ ಅತಿ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರುತ್ತದೆಂದು ಸಾಧಿಸಿತು. ಐಚ್ಛಿಕ ಭಾಗದೊಳಗಿನ ಚರವೊಂದು ಅದಕ್ಕೆ ಸೇರಿದ ಮುಖ್ಯ ಭಾಗದಲ್ಲಿ ಇಲ್ಲದೆ, ಪ್ರಶ್ನೆಯಲ್ಲಿ ಬೇರೆಲ್ಲೋ ತಲೆಯೆತ್ತಬಾರದು ಎಂಬ ಶಿಸ್ತನ್ನು ಪಾಲಿಸಿದರೆ ಈ ಕಾಠಿಣ್ಯ ತಗ್ಗುತ್ತದೆಂದು ಅದೇ ವಿದ್ವಾಂಸರು ಮುಂದೆ ತೋರಿಸಿದರು. ಈ ಕ್ಷೇತ್ರದಲ್ಲಿ ಸಿದ್ಧಾಂತವು ಬಳಕೆಗೆ ನೇರವಾಗಿ ನೆರವಾದ ನಿದರ್ಶನಗಳಲ್ಲಿ ಇದಕ್ಕೇ ಮೊದಲ ಸ್ಥಾನ ಸಲ್ಲಬೇಕು. ಅಂತಿಮ ಶಿಫಾರಸು ಹೊರಬಿದ್ದದ್ದು 2008ರ ಜನವರಿ 15ರಂದು.

ಆ ಆವೃತ್ತಿಯಲ್ಲಿ “ಕಾವ್ಯನಾಮ ಇಲ್ಲದ ಲೇಖಕರು ಯಾರು” ಎಂದು ನೇರವಾಗಿ ಕೇಳಲು ಪದವೇ ಇರಲಿಲ್ಲ. ಮೊದಲು ಕಾವ್ಯನಾಮವನ್ನು ಐಚ್ಛಿಕವಾಗಿ ಕೇಳಿ, ನಂತರ ಆ ಚರಕ್ಕೆ ಬೆಲೆ ದೊರೆಯದ ಸಾಲುಗಳನ್ನಷ್ಟೇ ಸೋಸಿಕೊಳ್ಳುವ ಸುತ್ತುಬಳಸಿನ ದಾರಿ ಹಿಡಿಯಬೇಕಿತ್ತು. 2013ರ ಮಾರ್ಚ್ 21ರಂದು ಬಂದ 1.1 ಆವೃತ್ತಿ ನಿಷೇಧಕ್ಕೆ ಒಂದಲ್ಲ, ಎರಡು ವಿಧಾನಗಳನ್ನು ಕೊಟ್ಟಿತು. ಎರಡೂ ಬಹುತೇಕ ಸಂದರ್ಭಗಳಲ್ಲಿ ಒಂದೇ ಉತ್ತರ ಕೊಡುತ್ತವೆ, ಆದರೆ ಎರಡು ಭಾಗಗಳ ನಡುವೆ ಸಮಾನ ಚರವಿಲ್ಲದಿದ್ದಾಗ ಬೇರೆಯಾಗಬಹುದು. ಈ ಉದಾರತೆ ಕಲಿಯುವವರಿಗೆ ಉಪಕಾರವನ್ನೇನೂ ಮಾಡಲಿಲ್ಲ.

1.1 ಆವೃತ್ತಿಯ ಇನ್ನೊಂದು ಕೊಡುಗೆ ದಾರಿಯ ಪ್ರಶ್ನೆ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನಲ್ಲಿ, ಕೊಪ್ಪ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಜಿಲ್ಲೆ ಕರ್ನಾಟಕದಲ್ಲಿ ಇದೆ. ಧಾರವಾಡದಿಂದ ಕರ್ನಾಟಕಕ್ಕೆ ಇಷ್ಟು ಮೆಟ್ಟಿಲುಗಳಿಲ್ಲ. ಹಂತಗಳು ಎಷ್ಟೆಂದು ಮೊದಲೇ ತಿಳಿಯದೆ ಒಂದೇ ಬಗೆಯ ಗೆರೆಯನ್ನು ಹಿಡಿದು ಮೇಲೇರುವ ಪ್ರಶ್ನೆಯನ್ನು 2008ರ ಭಾಷೆಯಲ್ಲಿ ಬರೆಯಲು ಸಾಧ್ಯವಿರಲಿಲ್ಲ. ಹೊಸ ಆವೃತ್ತಿಯಲ್ಲಿ ಸಂಬಂಧದ ಮುಂದೆ ಒಂದು ನಕ್ಷತ್ರ ಚಿಹ್ನೆಯಿಟ್ಟರೆ ಸಾಕು. ಆದರೆ ಅದರ ಕರಡು, ಎರಡು ಬಿಂದುಗಳ ನಡುವೆ ಇರುವ ಬೇರೆ ಬೇರೆ ದಾರಿಗಳನ್ನೂ ಎಣಿಸಬೇಕೆಂದು ವಿಧಿಸಿತ್ತು. ಪರಸ್ಪರ ಪೂರ್ಣವಾಗಿ ಜೋಡಿಸಿದ ಹತ್ತೇ ಬಿಂದುಗಳ ಗ್ರಾಫ್‌ನಲ್ಲಿ, ಯಾವ ಬಿಂದುವನ್ನೂ ಎರಡು ಬಾರಿ ಮುಟ್ಟದೆ ನಿರ್ದಿಷ್ಟ ಒಂದರಿಂದ ಇನ್ನೊಂದಕ್ಕೆ ಸಾಗುವ ದಾರಿಗಳೇ 1,09,601 ಆಗುತ್ತವೆ. 2012ರಲ್ಲಿ ಅರೆನಾಸ್, ಕೊಂಕಾ ಮತ್ತು ಪೆರೆಸ್ ಒಂದೆಡೆ, ಲೋಸ್‌ಮನ್ ಮತ್ತು ಮಾರ್ಟೆನ್ಸ್ ಇನ್ನೊಂದೆಡೆ ಈ ಎಣಿಕೆಯ ಅಪಾಯವನ್ನು ಬಯಲಿಗೆಳೆದ ಮೇಲೆ, ನಕ್ಷತ್ರವಿರುವಲ್ಲಿ ದಾರಿ ಇದೆಯೇ ಇಲ್ಲವೇ ಎಂಬುದನ್ನಷ್ಟೇ ನೋಡುವಂತೆ ನಿಯಮ ಬದಲಾಯಿತು.

ದಾರಿಯ ಪ್ರಶ್ನೆ ಪ್ರತಿದಿನದ ಬಳಕೆಗೆ ಬಂದದ್ದು ವಿಕಿಡೇಟಾದಿಂದ. 2012ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಮುಕ್ತ ಜ್ಞಾನಭಂಡಾರ 2015ರಲ್ಲಿ ಸಾರ್ವಜನಿಕ ಸ್ಪಾರ್ಕಲ್ ಸೇವೆಯನ್ನು ತೆರೆಯಿತು. ಒಂದು ಪ್ರಶ್ನೆಗೆ ಅಲ್ಲಿ ಸಿಗುವ ಕಾಲಾವಕಾಶ 60 ಸೆಕೆಂಡು. ಕನ್ನಡದ ಬಳಕೆದಾರರು “ಕೆಎನ್” ಎಂಬ ಭಾಷಾ ಸಂಕೇತವನ್ನು ಸೂಚಿಸಿದರೆ, ಕನ್ನಡ ಹೆಸರು ದಾಖಲಾಗಿರುವಲ್ಲೆಲ್ಲ ಉತ್ತರ ಕನ್ನಡದಲ್ಲಿಯೇ ಬರುತ್ತದೆ.

ಸಾಹಿತ್ಯ ಚರಿತ್ರೆಯ ಪ್ರಬಂಧಗಳಲ್ಲಿ ಇಂತಹ ಸೇವೆಯಿಂದ ಪಡೆದ ಎಣಿಕೆಗಳನ್ನು ಬಳಸುವವರು ಇಲ್ಲಿ ಎಚ್ಚರ ವಹಿಸಬೇಕು. “ಕರ್ನಾಟಕದಲ್ಲಿ ಹುಟ್ಟಿದ” ಎಂಬ ಷರತ್ತು ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ ಜನಿಸಿದ ಗಿರೀಶ ಕಾರ್ನಾಡರನ್ನು ಕೈಬಿಡುತ್ತದೆ, ಹುಟ್ಟೂರೇ ದಾಖಲಾಗದ ಲೇಖಕಿಯೊಬ್ಬರನ್ನೂ ಅದೇ ಷರತ್ತು ಕೈಬಿಡುತ್ತದೆ. ಉತ್ತರದ ಪಟ್ಟಿಯನ್ನಷ್ಟೇ ನೋಡಿದವರಿಗೆ ಈ ಎರಡು ಗೈರುಹಾಜರಿಗಳ ವ್ಯತ್ಯಾಸ ತಿಳಿಯುವ ದಾರಿಯಿಲ್ಲ. ಆದ್ದರಿಂದ ಗ್ರಾಫ್ ದತ್ತಾಂಶದಿಂದ ತೆಗೆದ ಯಾವುದೇ ಸಂಖ್ಯೆಯನ್ನು ಮುದ್ರಿಸುವ ಸಂಶೋಧಕರು ಅದರೊಡನೆ ಪ್ರಶ್ನೆಯ ಪೂರ್ಣ ಪಠ್ಯವನ್ನೂ ಅದನ್ನು ಕೇಳಿದ ದಿನಾಂಕವನ್ನೂ ಕೊಡಬೇಕು, ಪತ್ರಿಕೆಗಳ ಸಂಪಾದಕರೂ ಇದನ್ನು ಕಡ್ಡಾಯ ಮಾಡಬೇಕು.