ಮಾಯಾಸಾಹಸ ಕಾದಂಬರಿ, ಕಿಶೋರ: ಬೆಳಗಾವಿ ಮತ್ತು ಖಾನಾಪುರ

ಮಂತ್ರವಾದಿಗಳು, ಯಕ್ಷ-ರಾಕ್ಷಸರು, ರೂಪಾಂತರ, ದೂರದ ಪಯಣ ಇವುಗಳ ಹಂದರದ ಮೇಲೆ ಹಬ್ಬಿ, ಸುಮಾರು 11ರಿಂದ 15 ವರ್ಷದೊಳಗಿನ ಓದುಗರನ್ನು ಕೈಹಿಡಿದು ನಡೆಸುವ ದೀರ್ಘ ಗದ್ಯಕಥೆಯನ್ನು ಇಲ್ಲಿ ಕಿಶೋರ ಮಾಯಾಸಾಹಸ ಕಾದಂಬರಿ ಎಂದು ಕರೆಯಲಾಗಿದೆ. ಕನ್ನಡ ಮಕ್ಕಳ ಸಾಹಿತ್ಯದ ಚರ್ಚೆಯಲ್ಲಿ ಶಿಶುಗೀತೆಗೆ ಸಿಕ್ಕ ಜಾಗ ಈ ಪ್ರಕಾರಕ್ಕೆ ಸಿಕ್ಕಿಲ್ಲ. ಬೆಳಗಾವಿ ಮತ್ತು ಖಾನಾಪುರದ ಮಟ್ಟಿಗೆ ತೊಡಕು ಇನ್ನೂ ಹೆಚ್ಚು. ಕನ್ನಡದ ಚರಿತ್ರೆ ಬರೆಯುವವರು ಇಲ್ಲಿನ ಮರಾಠಿ ಪುಸ್ತಕಗಳನ್ನು ಬಿಡುತ್ತಾರೆ, ಮರಾಠಿಯವರು ಕನ್ನಡದವನ್ನು ಬಿಡುತ್ತಾರೆ. ಆದರೆ ಒಂದೇ ಗಲ್ಲಿಯ, ಎಷ್ಟೋ ಸಲ ಒಂದೇ ಮನೆಯ ಹುಡುಗರು ಎರಡನ್ನೂ ಓದಿ ಬೆಳೆದಿದ್ದಾರೆ. ಆದ್ದರಿಂದ ಈ ಲೇಖನ ಪುಸ್ತಕದ ಭಾಷೆಗಿಂತ ಓದುಗರ ಜಾಡನ್ನು ಹಿಡಿಯುತ್ತದೆ.

ಅಚ್ಚಿನ ಕಾಲದ ಆರಂಭವೇ ವಿಚಿತ್ರವಾಗಿದೆ. ಮರಾಠಿಯ ಮೊದಲ ಕಾದಂಬರಿ ಎಂದು ಹಲವರು ಎಣಿಸುವ ‘ಯಮುನಾ ಪರ್ಯಟನ’ವನ್ನು (1857) ಬರೆದ ಬಾಬಾ ಪದ್ಮನಜಿ 1831ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದವರು. ಅದು ವಿಧವೆಯರ ಪಾಡನ್ನು ಹೇಳುವ, ಮಾಯೆಯ ಸೋಂಕೂ ಇಲ್ಲದ ಕೃತಿ. ಅದನ್ನು ಕಾದಂಬರಿ ಎನ್ನಬೇಕೋ ಧರ್ಮಪ್ರಚಾರದ ಹೊತ್ತಗೆ ಎನ್ನಬೇಕೋ ಎಂಬ ವಾದ ಇನ್ನೂ ಮುಗಿದಿಲ್ಲ. ಆಗಿನ ಓದುಗರು ಮಾತ್ರ ಅದರ ಹಿಂದೆ ಹೋಗಲಿಲ್ಲ. ಹಳಬೆಯವರ ‘ಮುಕ್ತಾಮಾಲಾ’ (1861), ರಿಸಬೂಡರ ‘ಮಂಜುಘೋಷಾ’ (1868) ಮುಂತಾದ ಅದ್ಭುತರಮ್ಯ ಕಥೆಗಳು ಅವರ ಮನಸ್ಸನ್ನು ಗೆದ್ದವು. ಕಿಶೋರರಿಗೆಂದು ಬೇರೆ ಪುಸ್ತಕಗಳಿಲ್ಲದ ಆ ಕಾಲದಲ್ಲಿ ದೊಡ್ಡವರ ಅದ್ಭುತಕಥೆಯೇ ಹುಡುಗರ ಪಾಲಿಗೂ ದಕ್ಕಿದ್ದು.

ಅಚ್ಚಿಗಿಂತ ಹಳೆಯದು ಅಜ್ಜಿಯ ಕಥೆ. ಇದಕ್ಕೆ ಬೆಳಗಾವಿಯಲ್ಲಿ ಗಟ್ಟಿ ದಾಖಲೆ ಸಿಗಲು ಒಬ್ಬ ಇಂಗ್ಲಿಷ್ ಮೇಷ್ಟ್ರು ಕಾರಣರಾದರು. 1950ರ ದಶಕದಲ್ಲಿ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ (1929–1993) ಈ ಸೀಮೆಯ ಜನಪದ ಕಥೆಗಳನ್ನು ಕೇಳಿ ಬರೆದುಕೊಳ್ಳತೊಡಗಿದರು. ಮುಂದೆ ಶಿಕಾಗೊದಲ್ಲಿ ನೆಲೆಸಿದ ಮೇಲೂ ಆ ಕೆಲಸ ಬಿಡಲಿಲ್ಲ. ಅವರ ನಿಧನಾನಂತರ 1997ರಲ್ಲಿ ಬಂದ ಸಂಕಲನದಲ್ಲಿ 77 ಕಥೆಗಳಿವೆ. ಆ ಸಂಕಲನಕ್ಕೆ ಹೆಸರು ಕೊಟ್ಟ ‘ಹೂವಿನ ಗಿಡ’ದ ಕಥೆ ಕನ್ನಡ ನಾಡಿನ ಹಲವು ಕಡೆ ಹಲವು ರೂಪದಲ್ಲಿ ದೊರೆತದ್ದು. ಬಡವಿಯ ಕಿರಿಯ ಮಗಳು ಎರಡು ಕೊಡ ನೀರಿನ ಬಲದಿಂದ ಹೂಬಿಟ್ಟ ಗಿಡವಾಗುತ್ತಾಳೆ, ಮತ್ತೆ ಹುಡುಗಿಯಾಗುತ್ತಾಳೆ. ಅರಮನೆಯ ಸೊಸೆಯಾದ ಮೇಲೆ ನಾದಿನಿ ತನ್ನ ಗೆಳತಿಯರೊಂದಿಗೆ ಸೇರಿ ಅವಳ ಕೊಂಬೆಗಳನ್ನು ಮುರಿಯುತ್ತಾಳೆ. ಕೈಕಾಲಿಲ್ಲದ ಮುದ್ದೆಯಾಗಿ ಬಿದ್ದ ಅವಳನ್ನು, ಊರೂರು ಅಲೆದ ಗಂಡ ಕೊನೆಗೆ ಗುರುತಿಸಿ, ಮುರಿದ ಕೊಂಬೆಗಳನ್ನು ಜೋಡಿಸಿ ಮೊದಲಿನಂತೆ ಮಾಡುತ್ತಾನೆ. ಕಥೆ ಚಿಕ್ಕದು. ಆದರೆ ಕಿಶೋರ ಕಾದಂಬರಿಗೆ ಬೇಕಾದದ್ದೆಲ್ಲ ಅದರಲ್ಲಿದೆ: ಬಾಲ್ಯ ದಾಟುತ್ತಿರುವ ನಾಯಕಿ, ಅವಳೊಬ್ಬಳಿಗೇ ಗೊತ್ತಿರುವ ಶಕ್ತಿ, ಆ ಶಕ್ತಿಯನ್ನು ಆಟದ ವಸ್ತುವೆಂದುಕೊಂಡವರು ಮಾಡಿದ ಗಾಯ, ಅಲೆದಾಟ, ಮರಳಿ ಪಡೆದ ಮೈ. ಗಿರೀಶ ಕಾರ್ನಾಡರು ಇದನ್ನು 1992ರಲ್ಲಿ ‘ಚೆಲುವಿ’ ಎಂಬ ಚಿತ್ರ ಮಾಡಿದರು. 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಕಾರರು ಇದನ್ನೇ ಒಪೇರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ವಿಯೆನ್ನಾದವರೆಗೆ ಹೋದ ಕಥೆ ಕನ್ನಡದ ಕಿಶೋರರ ಕಪಾಟಿನಲ್ಲೂ ಇರಬೇಕಾದದ್ದು.

ಕನ್ನಡದ ಮುಖ್ಯಧಾರೆ ಎಲ್ಲರಿಗೂ ಗೊತ್ತಿರುವುದೇ. ಪಂಜೆ ಮಂಗೇಶರಾಯರು (1874–1937) ಮಂಗಳೂರಿನಲ್ಲಿ ಮಕ್ಕಳ ಕಥೆಗೆ ನೆಲ ಹದ ಮಾಡಿದರು, ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಕೊಟ್ಟರು, ಕಾರಂತರು ‘ಬಾಲಪ್ರಪಂಚ’ ಕಟ್ಟಿದರು. ಈ ಪ್ರಕಾರದ ಮಟ್ಟಿಗೆ ಇವೆಲ್ಲಕ್ಕಿಂತ ಹತ್ತಿರದ ಪುಸ್ತಕ ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’. ಲೂಯಿ ಕ್ಯಾರಲನ ಆಲಿಸಳನ್ನು ಅವರು ಪಾಪಚ್ಚಿಯಾಗಿ ಕನ್ನಡದ ಮನೆಯೊಳಗೆ ಕರೆತಂದರು.

ಬೆಳಗಾವಿಯ ಓದಿನ ನಿಜವಾದ ತಿರುವು ‘ಚಂದಮಾಮ’. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದ್ರಾಸಿನಲ್ಲಿ ಹೊರಡಿಸಿದ ಈ ಮಾಸಪತ್ರಿಕೆ 1940ರ ದಶಕ ಮುಗಿಯುವ ಮೊದಲೇ ಕನ್ನಡಕ್ಕೆ ಬಂತು. 1952ರಲ್ಲಿ ‘ಚಾಂದೋಬಾ’ ಎಂಬ ಹೆಸರಿನಲ್ಲಿ ಮರಾಠಿಗೂ ಬಂತು. ಖಾನಾಪುರದಂಥ ಊರಿನಲ್ಲಿ ಇದರ ಪರಿಣಾಮ ದೊಡ್ಡದು. ಕನ್ನಡ ಶಾಲೆಯ ಹುಡುಗನೂ ಮರಾಠಿ ಶಾಲೆಯ ಹುಡುಗನೂ ಅದೇ ಚಿತ್ರಗಳನ್ನು ನೋಡಿದರು, ಅದೇ ಮಾಂತ್ರಿಕರಿಗೆ ಹೆದರಿದರು. ದೊಡ್ಡವರ ನಡುವೆ ಕರ್ನಾಟಕ-ಮಹಾರಾಷ್ಟ್ರ ಗಡಿಯ ವಾದ ಕಾವೇರಿದ್ದ ದಶಕಗಳಲ್ಲೂ ಮಕ್ಕಳಿಗೆ ಇದ್ದದ್ದು ಒಂದೇ ಮಾಯಾಲೋಕ.

ದಾಖಲೆಯ ಗೊಂದಲವೂ ಇಲ್ಲೇ ಇದೆ. ಸಂಚಿಕೆಯಿಂದ ಸಂಚಿಕೆಗೆ ಸಾಗಿದ ಸಾಹಸ ಧಾರಾವಾಹಿಗಳ ಮೇಲೆ ಬರೆದವರ ಹೆಸರು ಇರುತ್ತಿರಲಿಲ್ಲ. ಕನ್ನಡದ ಓದುಗರು ಅವನ್ನು ಕನ್ನಡದ ಕಥೆಗಳೆಂದುಕೊಂಡರು, ಮರಾಠಿಯವರು ಮರಾಠಿಯವೆಂದುಕೊಂಡರು. ಹಳೆಯ ಪುರಾಣ-ಜನಪದದಿಂದ ಎತ್ತಿಕೊಂಡವು ಎಂಬ ನಂಬಿಕೆಯೂ ಇತ್ತು. ವಾಸ್ತವದಲ್ಲಿ ಅವು ತೆಲುಗಿನ ದಾಸರಿ ಸುಬ್ರಹ್ಮಣ್ಯಂ (1932–2010) ಅವರ ಸ್ವಂತ ಕಲ್ಪನೆಗಳು. 1952ರಲ್ಲಿ ಚಂದಮಾಮ ಸೇರಿದ ಅವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲೇ ದುಡಿದು, ‘ತೋಕಚುಕ್ಕ’ದಿಂದ ಮೊದಲ್ಗೊಂಡು 12 ಧಾರಾವಾಹಿಗಳನ್ನು ಬರೆದರು. ‘ಶಿಥಿಲಾಲಯಂ’ನ ಶಿಖಿಮುಖಿ ಮತ್ತು ವಿಕ್ರಮಕೇಸರಿ, ‘ಯಕ್ಷಪರ್ವತಂ’ನ ಖಡ್ಗವರ್ಮ ಮತ್ತು ಜೀವದತ್ತ ಅವರ ಮಕ್ಕಳು. ಕಥೆಗೆ ಮೈ ಕೊಟ್ಟವರು ‘ಚಿತ್ರಾ’ ಎಂದು ಸಹಿ ಹಾಕುತ್ತಿದ್ದ ಟಿ.ವಿ. ರಾಘವನ್. ಬೇತಾಳ ಕಥೆಗಳಿಗೆ ಶಂಕರ್, ಅಂದರೆ ಕೆ.ಸಿ. ಶಿವಶಂಕರನ್ (1924–2020), ಬರೆದ ಚಿತ್ರ ಇವತ್ತಿಗೂ ಜನರ ಕಣ್ಣಲ್ಲಿದೆ. ಧಾರಾವಾಹಿಗಳು ತೆಲುಗಿನಲ್ಲಿ ಪುಸ್ತಕವಾಗಿ ಬಂದ ಮೇಲೆ ದಾಸರಿಯವರ ಹೆಸರು ಹೊರಗಿನವರಿಗೂ ತಿಳಿಯಿತು. ಎರಡು ತಲೆಮಾರಿನ ಕನ್ನಡ ಕಿಶೋರರನ್ನು ಬೆಳೆಸಿದ ಲೇಖಕನ ಹೆಸರು ಕನ್ನಡ ಸಾಹಿತ್ಯದ ಚರ್ಚೆಯಲ್ಲಿ ಅಪರೂಪಕ್ಕೂ ಕೇಳಿಸದಿರುವುದು ಅನ್ಯಾಯ.

ರಚನೆಯ ದೃಷ್ಟಿಯಿಂದಲೂ ಈ ಧಾರಾವಾಹಿಗಳು ಕಾದಂಬರಿಗಳೇ. ಸಾಮಾನ್ಯವಾಗಿ ಇಬ್ಬರು ಗೆಳೆಯರು. ಒಬ್ಬನಿಗೆ ಕತ್ತಿ, ಇನ್ನೊಬ್ಬನಿಗೆ ಬುದ್ಧಿ. ಕಾಡು, ಹಾಳು ಗುಡಿ, ನೆಲಮಾಳಿಗೆ, ದ್ವೀಪ. ಪ್ರತಿ ಕಂತೂ ಕೊನೆಯಲ್ಲಿ ಒಂದು ಅಪಾಯದ ಅಂಚಿಗೆ ಬಂದು ನಿಲ್ಲುತ್ತಿತ್ತು. ಮುಂದಿನ ತಿಂಗಳಿನವರೆಗೆ ಏನಾಗಬಹುದೆಂದು ಹುಡುಗರು ತಾವೇ ಕಥೆ ಕಟ್ಟುತ್ತಿದ್ದರು. ಧಾರಾವಾಹಿಯ ಪುಟಗಳನ್ನಷ್ಟೇ ಬಿಡಿಸಿ ಹೊಲಿದು ಪುಸ್ತಕ ಮಾಡಿಕೊಳ್ಳುವ ರೂಢಿಯೂ ಇತ್ತು. ಅಂಗಡಿಯಲ್ಲಿ ಸಿಗದ ಕಾದಂಬರಿಯನ್ನು ಓದುಗನೇ ಕೈಯಾರೆ ತಯಾರಿಸಿಕೊಂಡ ಬಗೆ ಇದು. ಆಮೇಲೆ ಬಂದ ‘ಬಾಲಮಂಗಳ’ ಪತ್ರಿಕೆಯ ‘ಡಿಂಗ’ ಮಾತ್ರ ಚಿತ್ರಕಥೆಯ ನಾಯಕ. ಅವನ ಓದುಗರು ಇನ್ನೂ ಚಿಕ್ಕವರು.

ಇದೇ ಜಿಲ್ಲೆ ಎರಡು ಭಾಷೆಗಳಿಗೆ ಮಾಯೆಯನ್ನು ಬಲ್ಲ ಇಬ್ಬರು ದೊಡ್ಡ ಬರಹಗಾರರನ್ನು ಕೊಟ್ಟಿದೆ. ಮರಾಠಿಯ ಜಿ.ಎ. ಕುಲಕರ್ಣಿ (1923–1987) ಬೆಳಗಾವಿಯಲ್ಲಿ ಓದಿ, ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. ವಿಮರ್ಶಕರು ಅವರ ‘ಕಾಜಳಮಾಯಾ’, ‘ರಮಲಖುಣಾ’ ಸಂಕಲನಗಳ ವಿಧಿಯ ಕತ್ತಲನ್ನೇ ಹೆಚ್ಚು ಚರ್ಚಿಸಿದ್ದಾರೆ. ಪುಟ್ಟ ಹುಡುಗನೊಬ್ಬನ ಲೋಕವನ್ನು ತೆರೆಯುವ ‘ಬಖರ ಬಿಮ್ಮಚಿ’, ಹುಡುಗಿಯೊಬ್ಬಳ ‘ಮುಗ್ಧಾಚೀ ರಂಗೀತ ಗೋಷ್ಟ’ ಎಂಬ ಅವರ ಎರಡು ಮಕ್ಕಳ ಪುಸ್ತಕಗಳಿಗೆ ಸಿಕ್ಕ ಗಮನ ಕಡಿಮೆ. ಕಾನ್ರಾಡ್ ರಿಕ್ಟರನ ಕಾದಂಬರಿಗಳನ್ನೂ ಅವರು ಮರಾಠಿಗೆ ತಂದರು. ಅವುಗಳಲ್ಲಿ ‘ರಾನಾತೀಲ ಪ್ರಕಾಶ’ ಅಮೆರಿಕದ ಮೂಲನಿವಾಸಿಗಳ ನಡುವೆ ಬೆಳೆದ 15 ವರ್ಷದ ಬಿಳಿಯ ಹುಡುಗನ ಕಥೆ. ಅದರಲ್ಲಿ ಮಾಯೆಯಿಲ್ಲ, ಆದರೆ ಎರಡು ಲೋಕಗಳ ನಡುವೆ ನಿಂತ ಹುಡುಗನ ಸಂಕಟ ಗಡಿಸೀಮೆಯ ಓದುಗನಿಗೆ ಬೇಗ ಅರ್ಥವಾಗುತ್ತದೆ.

ಕನ್ನಡದ ಚಂದ್ರಶೇಖರ ಕಂಬಾರರು 1937ರಲ್ಲಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದರು. ಮಕ್ಕಳಿಗಾಗಿ ‘ಕಿಟ್ಟಿಯ ಕಥೆ’, ‘ಆಲಿಬಾಬಾ’, ‘ಪುಷ್ಪರಾಣಿ’ ನಾಟಕಗಳನ್ನು ಬರೆದರು. ಯಕ್ಷಿಯ ಬೆನ್ನುಹತ್ತಿದ ಚಂದಮುತ್ತನ ಕಾವ್ಯ ‘ಚಕೋರಿ’ ಮತ್ತು ಅದರ ಲೋಕವನ್ನೇ ಮುಂದುವರಿಸಿದ ಕಾದಂಬರಿ ‘ಶಿಖರಸೂರ್ಯ’ ಮಾತ್ರ ದೊಡ್ಡವರ ಕಪಾಟಿಗೆ ಸೇರಿವೆ. ವಿದ್ಯೆ, ಅಧಿಕಾರದ ಹಸಿವು, ಕಾಡು, ರಾಜ್ಯ ಎಲ್ಲವೂ ಇರುವ ‘ಶಿಖರಸೂರ್ಯ’ವನ್ನು ಪ್ರೌಢಶಾಲೆಯ ಜಾಣ ಓದುಗ ಖಂಡಿತ ಓದಬಲ್ಲ. ಕನ್ನಡ ಕಿಶೋರನಿಗೆ ಸಲ್ಲುವ ಮಾಯಾಸಾಹಸ ಗದ್ಯದಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ ಕೊಡಬೇಕು.

2010ರ ನಂತರದ ಕಾಲ ಬೇರೆ ದಾರಿ ಹಿಡಿಯಿತು. ಆ ವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿದ ಮೇಲೆ ಕನ್ನಡದ ಮಕ್ಕಳ ಕಾದಂಬರಿಗೆ ಹೊಸ ಗೌರವ ಬಂತು. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ (2011), ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಆ ಪುರಸ್ಕಾರ ಪಡೆದವು. ಊರು, ಕಾಡು, ಶಾಲೆ, ಮನೆಗಳ ನಡುವಿನ ಈ ಬರಹದಲ್ಲಿ ಸಾಹಸವಿದೆ, ಮಂತ್ರ ಹಿಂದೆ ಸರಿದಿದೆ. 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಗೆದ್ದಾಗ ಮಂತ್ರ ಹೆಸರಿನಲ್ಲಾದರೂ ಮರಳಿತು. ಆದರೆ ಅದು ಕಥಾಸಂಕಲನ. ಅತ್ತ ಮರಾಠಿಯಲ್ಲಿ ಹ್ಯಾರಿ ಪಾಟರ್ ಮಾಲೆಯ ಅನುವಾದ ಬಂದದ್ದರಿಂದ ಖಾನಾಪುರದ ಮರಾಠಿ ಓದುಗರಿಗೆ ಹೊರಗಿನ ಮಾಯಾಲೋಕ ತಮ್ಮ ಮಾತಿನಲ್ಲೇ ಸಿಕ್ಕಿತು.

‘ಬಾವಲಿ ಗುಹೆ’ಯ ಲೇಖಕರು ಉತ್ತರ ಕನ್ನಡದ ಸಿದ್ದಾಪುರದವರು. ಆದರೂ ಆ ಹೆಸರು ಕೇಳಿದ ಖಾನಾಪುರದವರಿಗೆ ತಮ್ಮದೇ ತಾಲ್ಲೂಕಿನ ಬಾರಾಪೇಡೆ ಗುಹೆ ನೆನಪಾಗುವುದು ಸಹಜ. ರಾಟನ್ನನ ಬಾವಲಿ ಎಂಬ ಅಪರೂಪದ ಜೀವಿ ದಶಕಗಳ ಕಾಲ ಜಗತ್ತಿಗೆ ಗೊತ್ತಿದ್ದದ್ದು ಆ ಒಂದು ಗುಹೆಯಲ್ಲಿ ಮಾತ್ರ. ಅದು ಇರುವುದು 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಭೀಮಗಡದ ಕಾಡಿನಲ್ಲಿ. ಅಲ್ಲೇ ಶಿವಾಜಿಯ ಕಾಲದ ಹಾಳು ಕೋಟೆಯೂ ಇದೆ. ಪಕ್ಕದಲ್ಲಿ ಕದಂಬರ ಹಲಸಿ, ಮಲಪ್ರಭೆ ಹುಟ್ಟುವ ಕಣಕುಂಬಿ. ದಾಸರಿಯವರು ಮದ್ರಾಸಿನಲ್ಲಿ ಕುಳಿತು ಕಲ್ಪಿಸಿಕೊಂಡ ಹಾಳು ಗುಡಿ, ಗುಹೆ, ಕೋಟೆಗಳೆಲ್ಲ ಇಲ್ಲಿ ಕಣ್ಣೆದುರಿಗಿವೆ.

ಚಂದಮಾಮ 2010ರ ದಶಕದಲ್ಲಿ ನಿಂತುಹೋಯಿತು. ಈ ಸೀಮೆಯ ಕಿಶೋರರು ಏನನ್ನು ಓದಿ ಬೆಳೆದರು ಎಂಬುದಕ್ಕೆ ಕೈಯಿಂದ ಹೊಲಿದ ಆ ಧಾರಾವಾಹಿ ಹೊತ್ತಗೆಗಳು ನೇರವಾದ ಸಾಕ್ಷಿ. ಕನ್ನಡದ್ದಿರಲಿ, ಮರಾಠಿಯದ್ದಿರಲಿ, ಅಂಥದೊಂದು ಅಟ್ಟದ ಮೇಲಿದ್ದರೆ ರದ್ದಿಗೆ ಹಾಕದೆ, ಊರಿನ ವಾಚನಾಲಯಕ್ಕೆ ಒಪ್ಪಿಸಬೇಕೆಂದು ಓದುಗರಲ್ಲಿ ವಿನಂತಿ.